ಹಾರಬೇಕು ಅನ್ನುವ ಮಕ್ಕಳಿಗೆ ಯಾವ ದಾರಿ? ಏರ್ ವಿಂಗ್, ಎನ್‌ಡಿಎ, ಫ್ಲೈಯಿಂಗ್ ಸ್ಕೂಲ್ ಪಕ್ಕಪಕ್ಕ ಇಟ್ಟು ನೋಡೋಣ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಿಂದಲೇ ಶುರು. "ಮಗ ಪೈಲಟ್ ಆಗ್ತೀನಿ ಅಂತಾನೆ. ಎನ್‌ಸಿಸಿಗೆ ಸೇರಿಸೋದಾ, ಎನ್‌ಡಿಎ ಕೋಚಿಂಗಿಗೆ ಹಾಕೋದಾ, ಇಲ್ಲ ಸಾಲ ಸೋಲ ಮಾಡಿ ಫ್ಲೈಯಿಂಗ್ ಸ್ಕೂಲಿಗೇ ಕಳಿಸೋದಾ?" ನೆಂಟರು ಕೇಳುತ್ತಾರೆ, ಅಕ್ಕಪಕ್ಕದ ಮನೆಯವರು ಕೇಳುತ್ತಾರೆ. ನನ್ನ ಜೊತೆ ಕೆಡೆಟ್ ಆಗಿದ್ದವರೇ ಈಗ ತಮ್ಮ ಮಕ್ಕಳಿಗಾಗಿ ಫೋನ್ ಮಾಡುತ್ತಾರೆ. ಪ್ರತಿ ಸಲ ಅರ್ಧ ಗಂಟೆ ಮಾತಾಡಿದರೂ ಏನೋ ಒಂದು ಬಿಟ್ಟುಹೋಗಿರುತ್ತದೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಎನ್‌ಸಿಸಿ ಅಂದರೆ ಶಾಲೆ ಕಾಲೇಜುಗಳಲ್ಲೇ ಸೇನೆಯ ಶಿಸ್ತಿನ ತರಬೇತಿ ಕೊಡುವ ಸಂಘಟನೆ, ಏರ್ ವಿಂಗ್ ಅದರ ವಾಯು ವಿಭಾಗ. ಎನ್‌ಡಿಎ ಅಂದರೆ ಪಿಯುಸಿ ಆದವರನ್ನು ಸೇನಾಧಿಕಾರಿಗಳಾಗಿ ತಯಾರು ಮಾಡುವ ಅಕಾಡೆಮಿ.

ನಾನು ಕಾಲೇಜಿನಲ್ಲಿ ಮೂರು ವರ್ಷ ಎನ್‌ಸಿಸಿ ಏರ್ ವಿಂಗ್ ಕೆಡೆಟ್. ಕೊನೆಯ ಹಂತದ ಸಿ ಸರ್ಟಿಫಿಕೇಟ್ ತಗೊಂಡೆ. ಪೈಲಟ್ ಆಗಲಿಲ್ಲ, ಕನ್ನಡಕ ಅಡ್ಡ ಬಂತು. ಅದು ಅಡ್ಡ ಬರುತ್ತದೆ ಅನ್ನುವುದು ನನಗೆ ಗೊತ್ತಾಗಿದ್ದು ಮೂರನೇ ವರ್ಷದಲ್ಲಿ. ಮೊದಲ ದಿನವೇ ಯಾರಾದರೂ ಹೇಳಿದ್ದರೆ ನಾನು ಬೇರೆ ದಾರಿಯನ್ನು ಆಗಲೇ ಹುಡುಕಿಕೊಳ್ಳುತ್ತಿದ್ದೆ.

ಇಲ್ಲಿ ಎರಡು ಆಸೆಗಳು ಬೆರೆತುಹೋಗಿರುತ್ತವೆ. ಒಂದು, ವಿಮಾನ ಓಡಿಸಬೇಕು. ಇನ್ನೊಂದು, ಸಮವಸ್ತ್ರ ಹಾಕಿ, ಶಿಸ್ತು ಕಲಿತು, ಹತ್ತು ಜನರನ್ನು ಮುನ್ನಡೆಸುವಂತಾಗಬೇಕು. ಇವೆರಡೂ ಒಂದೇ ಜಾಗದಲ್ಲಿ ಸಿಗುತ್ತವೆ ಅಂತ ನಾವು ಅಂದುಕೊಳ್ಳುತ್ತೇವೆ. ನಿಜ ಏನೆಂದರೆ, ದುಡ್ಡಿಲ್ಲದೆ ಸೇರಬಹುದಾದ ಕಡೆ ಮುಂದಾಳತ್ವ ಧಾರಾಳ, ಹಾರಾಟ ಚಿಟಿಕೆಯಷ್ಟು. ಗಂಟೆಗಟ್ಟಲೆ ಹಾರಿಸುವ ಕಡೆ ಪ್ರತಿ ಗಂಟೆಗೂ ದುಡ್ಡು, ಮುಂದಾಳತ್ವ ಅಲ್ಲಿನ ಪಾಠವೇ ಅಲ್ಲ. ಎರಡೂ ಪೂರ್ತಿಯಾಗಿ ಕೊಡುವ ಒಂದು ಜಾಗ ಇದೆ, ಅದರ ಬಾಗಿಲು ಬಹಳ ಕಿರಿದು. ಇಷ್ಟು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಲೆಕ್ಕ ಸುಲಭ.

ಯಾವುದನ್ನು ನೋಡಿ ಆರಿಸಬೇಕು

ನಾನು ಐದು ವಿಷಯ ನೋಡುತ್ತೇನೆ. ಎಷ್ಟು ಖರ್ಚು. ಯಾವ ವಯಸ್ಸಿಗೆ, ಯಾವ ವಿಷಯ ಓದಿದವರಿಗೆ ಬಾಗಿಲು ತೆರೆದಿದೆ. ನಿಜವಾಗಿ ಎಷ್ಟು ಹೊತ್ತು ಆಕಾಶದಲ್ಲಿರುತ್ತಾರೆ. ಬೇರೆಯವರ ಜವಾಬ್ದಾರಿ ಹೊರುವ ಅವಕಾಶ ಎಷ್ಟು. ಕೊನೆಯದು, ಮತ್ತು ಜಾಸ್ತಿ ಜನ ಮರೆಯುವುದು: ಪೈಲಟ್ ಆಗಲಿಲ್ಲ ಅಂದರೆ ಕೈಯಲ್ಲಿ ಏನು ಉಳಿಯುತ್ತದೆ?

ಇದಕ್ಕೆಲ್ಲ ಮೊದಲು ಕಣ್ಣು.

ಇದನ್ನು ಬೇರೆಯಾಗಿಯೇ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಎಡವಿದರೆ ಉಳಿದ ಲೆಕ್ಕವೆಲ್ಲ ವ್ಯರ್ಥ. ವಾಯುಪಡೆಯ ಹಾರಾಟ ವಿಭಾಗಕ್ಕೆ ಎತ್ತರ ಕನಿಷ್ಠ 162.5 ಸೆಂಟಿಮೀಟರ್ ಇರಬೇಕು. ಕಾಲಿನ ಉದ್ದ, ಕೂತಾಗಿನ ಎತ್ತರ ಕೂಡ ಅಳೆಯುತ್ತಾರೆ, ಕಾಕ್‌ಪಿಟ್‌ನಲ್ಲಿ ಸರಿಯಾಗಿ ಕೂರಬೇಕಲ್ವಾ. ಬಣ್ಣಗುರುಡು ಇದ್ದರೆ ಆಗುವುದಿಲ್ಲ. ದೂರದ ವಸ್ತು ಮಸುಕಾಗಿ ಕಂಡು ಕನ್ನಡಕ ಹಾಕಿಕೊಂಡವರಿಗೆ ಎನ್‌ಡಿಎ ಮೂಲಕ ಹಾರಾಟ ವಿಭಾಗದ ದಾರಿ ಮುಚ್ಚಿದ ಹಾಗೆಯೇ. ಲೇಸರ್ ಚಿಕಿತ್ಸೆ ಮಾಡಿಸಿದರೆ ಸರಿಹೋಗುತ್ತದೆ ಅಂತ ಕೆಲವರು ಹದಿನೇಳಕ್ಕೇ ಆಸ್ಪತ್ರೆಗೆ ಓಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. 20 ವರ್ಷ ತುಂಬುವ ಮೊದಲು ಮಾಡಿಸಿದ ಚಿಕಿತ್ಸೆಯನ್ನು ವಾಯುಪಡೆ ಒಪ್ಪುವುದಿಲ್ಲ. ಪದವಿ ಮುಗಿಸಿ ಹೋಗುವ ದಾರಿಯಲ್ಲಿ, ಷರತ್ತುಗಳ ಜೊತೆ, ಅವಕಾಶ ಇದೆ.

ನಾಗರಿಕ ವಿಮಾನಯಾನದಲ್ಲಿ ಇಷ್ಟು ಬಿಗಿ ಇಲ್ಲ. ಕನ್ನಡಕ ಹಾಕಿದಾಗ ದೃಷ್ಟಿ ಸರಿಯಾಗಿದ್ದರೆ ಸಾಕು. ವಿಮಾನಗಳಲ್ಲಿ ಕನ್ನಡಕ ಹಾಕಿದ ಕ್ಯಾಪ್ಟನ್‌ಗಳನ್ನು ನೀವೇ ನೋಡಿರುತ್ತೀರಿ. ಆದರೆ ಬಣ್ಣಗಳನ್ನು ಗುರುತಿಸುವ ಪರೀಕ್ಷೆ ಇಲ್ಲೂ ಇದೆ. ಕಲಿಯಲು ಶುರುಮಾಡಲು ಎರಡನೇ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಸಾಕು. ಸಂಬಳಕ್ಕೆ ವಿಮಾನ ಓಡಿಸಲು ಬೇಕಾದ ಕಮರ್ಷಿಯಲ್ ಲೈಸೆನ್ಸ್‌ಗೆ ಒಂದನೇ ದರ್ಜೆಯದ್ದು ಬೇಕು. ಬೆಂಗಳೂರಿನಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲೇ ಆ ಪರೀಕ್ಷೆ ಆಗುತ್ತದೆ. ನನ್ನ ಮಾತು ಕೇಳುವುದಾದರೆ, ಕಮರ್ಷಿಯಲ್ ಕೋರ್ಸಿಗೆ ದೊಡ್ಡ ಮೊತ್ತ ಕಟ್ಟುವ ಮುಂಚೆ ಒಂದನೇ ದರ್ಜೆಯ ಪರೀಕ್ಷೆಯನ್ನೇ ಮಾಡಿಸಿಬಿಡಿ. ಅರ್ಧ ಕೋಟಿ ಸಾಲ ಮಾಡಿದ ಮೇಲೆ ಇಸಿಜಿಯಲ್ಲಿ ಏನೋ ಇದೆ ಅಂತ ಗೊತ್ತಾಗುವುದು ಬೇಡ.

ಎನ್‌ಸಿಸಿ ಏರ್ ವಿಂಗ್

ಎನ್‌ಸಿಸಿ ಶುರುವಾಗಿದ್ದು 1948ರಲ್ಲಿ, ಏರ್ ವಿಂಗ್ 1950ರಲ್ಲಿ. ಶಾಲೆಯಲ್ಲಿ ಜೂನಿಯರ್ ವಿಭಾಗ, ಸಾಮಾನ್ಯವಾಗಿ ಎಂಟು ಅಥವಾ ಒಂಬತ್ತನೇ ತರಗತಿಗೆ ಸೇರಿಸಿಕೊಳ್ಳುತ್ತಾರೆ. ಎರಡು ವರ್ಷದ ತರಬೇತಿ, ಕೊನೆಗೆ ಎ ಸರ್ಟಿಫಿಕೇಟ್. ಕಾಲೇಜಿನಲ್ಲಿ ಸೀನಿಯರ್ ವಿಭಾಗ. ಎರಡು ವರ್ಷಕ್ಕೆ ಬಿ, ಮೂರನೇ ವರ್ಷಕ್ಕೆ ಸಿ. ಪರೇಡ್ ಹಾಜರಿ ಶೇಕಡ 75 ಇರಬೇಕು, ಕ್ಯಾಂಪಿಗೂ ಹೋಗಿರಬೇಕು. ಸಮವಸ್ತ್ರ, ಕ್ಯಾಂಪಿನ ಊಟ ವಸತಿಯನ್ನು ಸರ್ಕಾರವೇ ನೋಡಿಕೊಳ್ಳುತ್ತದೆ. ಮನೆಯವರ ಜೇಬಿನಿಂದ ಹೋಗುವುದು ಬಸ್ ಚಾರ್ಜು, ಬೂಟ್ ಪಾಲಿಶು.

ಹಾರಾಟದ ವಿಷಯ ಮೊದಲೇ ಸ್ಪಷ್ಟ ಮಾಡಿಬಿಡುತ್ತೇನೆ. ಏರ್ ವಿಂಗ್ ಸೇರಿದರೆ ಪೈಲಟ್ ಲೈಸೆನ್ಸ್ ಸಿಗುವುದಿಲ್ಲ. ಸಿಗುವುದು ಮೈಕ್ರೋಲೈಟ್ ವಿಮಾನದಲ್ಲಿ ಪಕ್ಕದಲ್ಲಿ ಪೈಲಟ್ ಕೂತಿರುವ ಕೆಲವೇ ನಿಮಿಷಗಳ ಹಾರಾಟ. ಈಗ ಎನ್‌ಸಿಸಿಯಲ್ಲಿ ಸ್ಲೊವೇನಿಯಾ ದೇಶದ ಪಿಪಿಸ್ಟ್ರೆಲ್ ಕಂಪನಿಯ ವೈರಸ್ ಎಸ್‌ಡಬ್ಲ್ಯೂ 80 ಅನ್ನುವ ಎರಡು ಸೀಟಿನ ಪುಟ್ಟ ವಿಮಾನ ಬಳಸುತ್ತಾರೆ. ಎಷ್ಟು ಸಲ ಹಾರಲು ಸಿಗುತ್ತದೆ ಅನ್ನುವುದು ನಿಮ್ಮ ಸ್ಕ್ವಾಡ್ರನ್ (ಅಂದರೆ ಏರ್ ವಿಂಗಿನ ಘಟಕ) ಮೇಲೆ, ಹವಾಮಾನದ ಮೇಲೆ, ವಿಮಾನ ಆ ದಿನ ಹಾರುವ ಸ್ಥಿತಿಯಲ್ಲಿದೆಯಾ ಅನ್ನುವುದರ ಮೇಲೆ ನಿಂತಿದೆ. ಎಲ್ಲ ಸ್ಕ್ವಾಡ್ರನ್‌ಗಳೂ ಫ್ಲೈಯಿಂಗ್ ಸ್ಕ್ವಾಡ್ರನ್ ಅಲ್ಲ, ಟೆಕ್ನಿಕಲ್ ಸ್ಕ್ವಾಡ್ರನ್‌ಗಳೂ ಇವೆ. ಕಾಲೇಜು ಸೇರುವಾಗಲೇ ಇದನ್ನು ಕೇಳಿಕೊಳ್ಳಿ.

ನನ್ನ ಮೊದಲ ಹಾರಾಟ ಬೆಂಗಳೂರಿನ ಜಕ್ಕೂರಿನಲ್ಲಿ. ಮೂರು ಭಾನುವಾರ ಬೆಳಗಿನ ಜಾವ ಎದ್ದು ಹೋಗಿ, ಮಂಜು, ಗಾಳಿ ಅಂತ ವಾಪಸ್ ಬಂದಿದ್ದೆವು. ನಾಲ್ಕನೇ ಸಲ ಹೆಸರು ಕೂಗಿದರು. ಬೆಲ್ಟ್ ಬಿಗಿದರು, ಹೆಡ್‌ಸೆಟ್ ಕೊಟ್ಟರು, ರನ್‌ವೇ ಕಾಲಡಿ ಜಾರಿತು. ಜಕ್ಕೂರು ಕೆರೆ ಒಂದು ತಟ್ಟೆ ನೀರಿನ ಹಾಗೆ ಕಂಡಿತು. ಆಮೇಲೆ ಪಕ್ಕದಲ್ಲಿದ್ದ ಸರ್ "ಸ್ಟಿಕ್ ಹಿಡ್ಕೊ" ಅಂದರು. ನಾನು ಮುಷ್ಟಿ ಕಟ್ಟಿ ಹಿಡಿದೆ, ವಿಮಾನದ ಮೂಗು ಮೇಲೆ ಕೆಳಗೆ ಕುಣಿಯತೊಡಗಿತು. ಅವರು ನನ್ನ ಕೈ ಬಿಡಿಸಿ, ಹೆಬ್ಬೆರಳು ಮತ್ತು ಎರಡು ಬೆರಳು ಮಾತ್ರ ಇಟ್ಟರು. "ಇಷ್ಟು ಸಾಕು. ಅದಕ್ಕೆ ಹಾರೋದು ಗೊತ್ತು, ನೀನು ಸುಮ್ನೆ ದಾರಿ ತೋರಿಸು." ವಿಮಾನ ತಣ್ಣಗಾಯಿತು. ಎಲ್ಲ ಸೇರಿ ಇಪ್ಪತ್ತು ನಿಮಿಷವೂ ಇರಲಿಲ್ಲ. ಇವತ್ತಿಗೂ ಕಣ್ಣು ಮುಚ್ಚಿದರೆ ಆ ಸ್ಟಿಕ್ಕಿನ ಸಣ್ಣ ನಡುಕ ಬೆರಳಿಗೆ ಬರುತ್ತದೆ.

ಆ ಇಪ್ಪತ್ತು ನಿಮಿಷಕ್ಕಾಗಿ ಮೂರು ವರ್ಷ ಕೊಡಬೇಕಾ? ಅದೊಂದಕ್ಕೇ ಆದರೆ ಬೇಡ. ಏರ್ ವಿಂಗಿನ ಅಸಲಿ ಕೊಡುಗೆ ನೆಲದ ಮೇಲಿದೆ.

ಎರಡನೇ ವರ್ಷದಲ್ಲಿ ನನ್ನನ್ನು ಮೊದಲ ಸಲ ಸ್ಕ್ವಾಡ್ ಮುಂದೆ ನಿಲ್ಲಿಸಿದರು. ಡ್ರಿಲ್ ಆದೇಶಗಳೆಲ್ಲ ಹಿಂದಿಯಲ್ಲಿ: ಸಾವಧಾನ್, ವಿಶ್ರಾಮ್, ತೇಜ್ ಚಲ್. ನಾನು ತಪ್ಪು ಹೆಜ್ಜೆಗೆ "ಥಮ್" (ನಿಲ್ಲು) ಅಂದೆ. ಅರ್ಧ ಜನ ನಿಂತರು, ಅರ್ಧ ಜನ ಮುಂದಿದ್ದವರ ಬೆನ್ನಿಗೆ ಡಿಕ್ಕಿ ಹೊಡೆದರು. ಯಾರೂ ನನ್ನ ಕೈಯಿಂದ ಸ್ಕ್ವಾಡ್ ಕಿತ್ತುಕೊಳ್ಳಲಿಲ್ಲ. "ಮತ್ತೆ ಮೊದಲಿಂದ" ಅಂದರು, ಅಷ್ಟೆ. ಆ ವರ್ಷದ ಹತ್ತು ದಿನದ ಕ್ಯಾಂಪಿನಲ್ಲಿ ಹನ್ನೆರಡು ಜೂನಿಯರ್‌ಗಳು ನನ್ನ ಪಾಲಿಗೆ ಬಂದರು. ಒಬ್ಬನಿಗೆ ಬೂಟು ಕಚ್ಚಿ ಹಿಮ್ಮಡಿ ಗುಳ್ಳೆ ಎದ್ದಿತ್ತು, ಹೇಳಿಕೊಳ್ಳಲು ನಾಚಿಕೆ. ಇನ್ನೊಬ್ಬ ಮನೆ ನೆನಪಾಗಿ ರಾತ್ರಿ ಅಳುತ್ತಿದ್ದ. ಬೆಳಗ್ಗೆ ಫಾಲ್ ಇನ್ ಹೊತ್ತಿಗೆ ಹನ್ನೆರಡೂ ಜನ ಸಾಲಿನಲ್ಲಿರಬೇಕು, ಇಲ್ಲದಿದ್ದರೆ ಉತ್ತರ ಕೊಡಬೇಕಾದವನು ನಾನು. ಹತ್ತೊಂಬತ್ತು ವಯಸ್ಸಿನ ಹುಡುಗನ ಮೇಲೆ ಇಂಥ ಜವಾಬ್ದಾರಿ ಹೊರಿಸುವ ಜಾಗಗಳು ನಮ್ಮಲ್ಲಿ ಬಹಳ ಇಲ್ಲ.

ಇದರ ಜೊತೆಗೆ ಏರೋಮಾಡೆಲಿಂಗ್ (ಪುಟ್ಟ ಮಾದರಿ ವಿಮಾನ ಕಟ್ಟಿ ಹಾರಿಸುವುದು), ಗುರಿ ಹೊಡೆಯುವುದು, ವಿಮಾನ ಹಾರುವುದು ಹೇಗೆ ಅನ್ನುವ ಪಾಠ, ಹವಾಮಾನದ ಪಾಠ ಎಲ್ಲ ಇರುತ್ತದೆ. ಚೆನ್ನಾಗಿ ಮಾಡಿದವರು ಅಖಿಲ ಭಾರತ ವಾಯು ಸೈನಿಕ ಕ್ಯಾಂಪಿಗೆ, ಜನವರಿಯಲ್ಲಿ ದೆಹಲಿಯ ಗಣರಾಜ್ಯೋತ್ಸವ ಕ್ಯಾಂಪಿಗೆ ಹೋಗುತ್ತಾರೆ. ಆ ಆಯ್ಕೆಗೆ ತಿಂಗಳುಗಟ್ಟಲೆ ಕ್ಯಾಂಪಿನ ಮೇಲೆ ಕ್ಯಾಂಪು, ಓದು ಹಿಂದೆ ಬೀಳುತ್ತದೆ. ಎರಡನೇ ಪಿಯುಸಿಯಲ್ಲಿ ಮಗ ಅಥವಾ ಮಗಳು ಇದಕ್ಕೆ ಹೊರಟರೆ ಮನೆಯಲ್ಲಿ ಕೂತು ಮಾತಾಡಿ ತೀರ್ಮಾನಿಸಿ.

ಈಗ ಕೈಯಲ್ಲಿ ಉಳಿಯುವುದು ಏನು? ಏರ್ ವಿಂಗಿನ ಸಿ ಸರ್ಟಿಫಿಕೇಟ್ ಇದ್ದರೆ ವಾಯುಪಡೆಯ ಹಾರಾಟ ವಿಭಾಗಕ್ಕೆ ಎನ್‌ಸಿಸಿ ವಿಶೇಷ ಪ್ರವೇಶ ಇದೆ. ಲಿಖಿತ ಪರೀಕ್ಷೆ ಇಲ್ಲದೆ ನೇರವಾಗಿ ಆಯ್ಕೆ ಮಂಡಳಿಯ ಮುಂದೆ ಹೋಗಬಹುದು, ಶೇಕಡ 10 ಸೀಟು ಇವರಿಗೇ ಮೀಸಲು. ಪಿಯುಸಿಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಓದಿರಬೇಕು, ಪದವಿಯಲ್ಲಿ ಶೇಕಡ 60 ಬಂದಿರಬೇಕು. ಇಲ್ಲೊಂದು ಎಚ್ಚರಿಕೆ. ಆರ್ಮಿ ವಿಂಗಿನ ಸಿ ಸರ್ಟಿಫಿಕೇಟ್ ಈ ಪ್ರವೇಶಕ್ಕೆ ನಡೆಯುವುದಿಲ್ಲ. ಪಿಯುಸಿಯಲ್ಲಿ ಏರ್ ವಿಂಗ್ ಇದ್ದು, ಪದವಿಗೆ ಏರ್ ವಿಂಗ್ ಇಲ್ಲದ ಕಾಲೇಜಿಗೆ ಹೋದರೆ ಬಿ ಸರ್ಟಿಫಿಕೇಟಿಗೇ ನಿಂತುಹೋಗುವ ಅಪಾಯ ಇದೆ. ನನ್ನ ಬ್ಯಾಚಿನಲ್ಲೇ ಇಬ್ಬರಿಗೆ ಹೀಗಾಯಿತು. ವಾಯುಪಡೆ ಬೇಡ ಅಂದರೂ ಸಿಇಟಿಯಲ್ಲಿ ಎನ್‌ಸಿಸಿ ಕೋಟಾ ಇದೆ.

ಸೈನಿಕ ಶಾಲೆ, ಆಮೇಲೆ ಎನ್‌ಡಿಎ

ಮಗು ಇನ್ನೂ ಐದನೇ ಅಥವಾ ಎಂಟನೇ ತರಗತಿಯಲ್ಲಿದ್ದರೆ ಸೈನಿಕ ಶಾಲೆಯ ದಾರಿ ಇದೆ. ನಮ್ಮಲ್ಲಿ ವಿಜಯಪುರ ಮತ್ತು ಕೊಡಗಿನಲ್ಲಿ ಹಳೆಯ ಮಾದರಿಯ ಸೈನಿಕ ಶಾಲೆಗಳಿವೆ. ಬೆಂಗಳೂರು, ಬೆಳಗಾವಿಯಲ್ಲಿ ರಾಷ್ಟ್ರೀಯ ಮಿಲಿಟರಿ ಶಾಲೆಗಳಿವೆ. ಆರು ಮತ್ತು ಒಂಬತ್ತನೇ ತರಗತಿಗೆ ಪ್ರವೇಶ ಪರೀಕ್ಷೆ. ಈಗ ಹೆಣ್ಣುಮಕ್ಕಳಿಗೂ ಅವಕಾಶ ಇದೆ. ಇಲ್ಲಿ ಹಾರಾಟ ಅಂತ ಏನೂ ಇಲ್ಲ. ಆದರೆ ಬೆಳಗ್ಗೆಯಿಂದ ರಾತ್ರಿವರೆಗೆ ಎನ್‌ಡಿಎಗೆ ತಯಾರಾಗುವ ವಾತಾವರಣ. ಮನೆಯಿಂದ ದೂರ ಇರಲು ಮಗುವಿಗೆ ಮನಸ್ಸಿದೆಯಾ ಅನ್ನುವುದು ಪರೀಕ್ಷೆಗಿಂತ ದೊಡ್ಡ ಪ್ರಶ್ನೆ.

ಪುಣೆ ಹತ್ತಿರ ಖಡಕ್‌ವಾಸ್ಲಾದಲ್ಲಿರುವ ಎನ್‌ಡಿಎ, ಆ ಕಿರಿದು ಬಾಗಿಲು ಅಂದೆನಲ್ಲ, ಅದು ಇದೇ. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಸುತ್ತದೆ. ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವಯಸ್ಸು. ವಾಯುಪಡೆಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಬೇಕು, ಎರಡನೇ ಪಿಯುಸಿ ಓದುತ್ತಿರುವವರೂ ಅರ್ಜಿ ಹಾಕಬಹುದು. ಲಿಖಿತ ಪರೀಕ್ಷೆ 900 ಅಂಕಕ್ಕೆ: ಗಣಿತ 300, ಸಾಮಾನ್ಯ ಸಾಮರ್ಥ್ಯ 600. ಆಯ್ಕೆ ಮಂಡಳಿಯ ಸಂದರ್ಶನಕ್ಕೂ 900. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಮೊದಲ ಪಿಯುಸಿಯಿಂದಲೇ ಇಂಗ್ಲಿಷ್ ಓದು, ಮಾತು ಎರಡನ್ನೂ ಹಿಡಿಯಬೇಕು. ಆಗದ ಕೆಲಸವೇನಲ್ಲ. ತಡವಾಗಿ ಶುರುಮಾಡಿದರೆ ಮಾತ್ರ ಕಷ್ಟ.

ಒಂದು ಬ್ಯಾಚಿನಲ್ಲಿ ಹಾರಾಟ ವಿಭಾಗಕ್ಕೆ ಇರುವುದು 90ರ ಆಸುಪಾಸು ಸೀಟು, ದೇಶಕ್ಕೆಲ್ಲ ಸೇರಿ. ವಾಯುಪಡೆಯ ಆಯ್ಕೆ ಮಂಡಳಿಗಳಲ್ಲಿ ಒಂದು ನಮ್ಮ ಮೈಸೂರಿನಲ್ಲೇ ಇದೆ. ಅಲ್ಲಿ ಹಾರಾಟ ವಿಭಾಗದವರಿಗೆ ಸಿಪಿಎಸ್‌ಎಸ್ ಅನ್ನುವ ಕಂಪ್ಯೂಟರ್ ಪರೀಕ್ಷೆ ಇದೆ. ಕೈ, ಕಾಲು, ಕಣ್ಣು ಒಟ್ಟಿಗೆ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತವೆ ಅಂತ ನೋಡುತ್ತಾರೆ. ಇದಕ್ಕೆ ಜೀವನದಲ್ಲಿ ಒಂದೇ ಅವಕಾಶ. ಒಮ್ಮೆ ಫೇಲಾದರೆ ಮುಂದೆ ಪದವಿ ಮುಗಿಸಿ ಹೋದರೂ ಹಾರಾಟ ವಿಭಾಗ ಸಿಗುವುದಿಲ್ಲ. ನಿದ್ದೆಗೆಟ್ಟು, ಜ್ವರ ಇಟ್ಟುಕೊಂಡು ಹೋಗಿ ಕೂರುವ ಪರೀಕ್ಷೆಯಲ್ಲ ಇದು.

ಒಳಗೆ ಹೋದವರಿಗೆ ಸಿಗುವುದು ಏನು ಅಂತ ನೋಡಿ. ಮೂರು ವರ್ಷ ಎನ್‌ಡಿಎ, ಜೊತೆಗೆ ಪದವಿ. ಆಮೇಲೆ ಹೈದರಾಬಾದ್ ಹತ್ತಿರದ ದುಂಡಿಗಲ್‌ನ ಏರ್ ಫೋರ್ಸ್ ಅಕಾಡೆಮಿಯಲ್ಲಿ ಪಿಲಾಟಸ್ ತರಬೇತಿ ವಿಮಾನದ ಮೇಲೆ ಹಾರಾಟದ ಪಾಠ. ಫೈಟರ್ ದಾರಿಗೆ ಆಯ್ಕೆಯಾದವರು ಹಾಕ್ ಜೆಟ್ ಕಲಿಯಲು ನಮ್ಮ ಬೀದರ್‌ಗೇ ಬರುತ್ತಾರೆ. ಹಾರಾಟಕ್ಕೆ ಒಂದು ಪೈಸೆ ಫೀಸಿಲ್ಲ. ಶುರುವಿನಲ್ಲಿ ಬಟ್ಟೆಬರೆ, ಕೈಖರ್ಚಿಗೆ ಅಂತ ಸ್ವಲ್ಪ ಕಟ್ಟಬೇಕು, ಅಷ್ಟೆ. ಮುಂದಾಳತ್ವ, ಹಾರಾಟ ಎರಡೂ ಹೊಟ್ಟೆ ತುಂಬ. ಬದಲಿಗೆ ಕೊಡುವುದು ಬದುಕನ್ನೇ. ಇದು ಸೇನೆ, ಯುದ್ಧ ಬಂದರೆ ಹೋಗಬೇಕು. "ಫ್ರೀಯಾಗಿ ಪೈಲಟ್ ಆಗಬಹುದು" ಅನ್ನುವ ಒಂದೇ ಕಾರಣಕ್ಕೆ ಮಕ್ಕಳನ್ನು ಇಲ್ಲಿಗೆ ತಳ್ಳಬೇಡಿ.

ಹೆಣ್ಣುಮಕ್ಕಳ ತಂದೆತಾಯಿಗೆ ಒಂದು ಮಾತು. 2022ರಿಂದ ಎನ್‌ಡಿಎ ಹುಡುಗಿಯರಿಗೂ ತೆರೆದಿದೆ. ವಾಯುಪಡೆಯಲ್ಲಿ ಹೆಣ್ಣುಮಕ್ಕಳು ಫೈಟರ್ ಪೈಲಟ್ ಆಗಲು ಶುರುಮಾಡಿದ್ದು 2016ರಲ್ಲಿ. 2018ರಲ್ಲಿ ಚಿಕ್ಕಮಗಳೂರಿನ ಮೇಘನಾ ಶಾನಭಾಗ್ ಆ ಸಾಲಿಗೆ ಸೇರಿದರು, ಅವರು ಹೋಗಿದ್ದು ಇಂಜಿನಿಯರಿಂಗ್ ಮುಗಿಸಿದ ಮೇಲೆ. ಅಂದರೆ ಎನ್‌ಡಿಎ ತಪ್ಪಿಹೋದರೂ ಪದವಿಯ ನಂತರ ವಾಯುಪಡೆಯೇ ನಡೆಸುವ ಎಎಫ್‌ಸಿಎಟಿ ಪ್ರವೇಶ ಪರೀಕ್ಷೆ ಇದೆ. ಸಿಪಿಎಸ್‌ಎಸ್‌ನಲ್ಲಿ ಫೇಲಾಗಿರಬಾರದು, ಅದೊಂದನ್ನು ನೆನಪಿಟ್ಟುಕೊಳ್ಳಿ.

ಅಗ್ನಿವೀರ್ ವಾಯು ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಅದು ವಾಯುಪಡೆಯಲ್ಲಿ ನಾಲ್ಕು ವರ್ಷದ ಸೇವೆ, ಒಳ್ಳೆಯ ಕೆಲಸ. ಅದು ಪೈಲಟ್ ಹುದ್ದೆಯಲ್ಲ.

ಫ್ಲೈಯಿಂಗ್ ಸ್ಕೂಲ್

ಹಾರುವುದೇ ಮುಖ್ಯ, ದುಡ್ಡಿನ ವ್ಯವಸ್ಥೆ ಇದೆ ಅನ್ನುವವರಿಗೆ ಇದು ನೇರ ದಾರಿ. 16 ವರ್ಷ ತುಂಬಿ ಹತ್ತನೇ ತರಗತಿ ಪಾಸಾದವರು ಸ್ಟೂಡೆಂಟ್ ಪೈಲಟ್ ಲೈಸೆನ್ಸ್ ತಗೊಳ್ಳಬಹುದು. 17ಕ್ಕೆ ಪ್ರೈವೇಟ್ ಲೈಸೆನ್ಸ್ (ದುಡಿಮೆಗಲ್ಲ, ಸ್ವಂತಕ್ಕೆ ಹಾರಲು), ಅದಕ್ಕೆ ಕನಿಷ್ಠ 40 ಗಂಟೆ ಹಾರಾಟ. 18ಕ್ಕೆ ಕಮರ್ಷಿಯಲ್ ಲೈಸೆನ್ಸ್, ಅದಕ್ಕೆ 200 ಗಂಟೆ. ಕಮರ್ಷಿಯಲ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಕೇಳುತ್ತಾರೆ. ಕಾಮರ್ಸ್ ಓದಿದವರು ಎನ್‌ಐಒಎಸ್ ಅನ್ನುವ ಮುಕ್ತ ಶಾಲೆಯ ಮೂಲಕ ಆ ಎರಡು ವಿಷಯ ಮಾತ್ರ ಬರೆದು ಬರುವುದುಂಟು. ಹವಾಮಾನ, ದಿಕ್ಕು ಲೆಕ್ಕ, ನಿಯಮಗಳು, ವಿಮಾನದ ತಾಂತ್ರಿಕ ವಿಷಯ, ರೇಡಿಯೋ ಮಾತು, ಇವಕ್ಕೆಲ್ಲ ಪರೀಕ್ಷೆಗಳಿವೆ.

ಗಂಟೆಗೆ 12ರಿಂದ 15 ಸಾವಿರ ಅಂತ ಲೆಕ್ಕ ಹಿಡಿದರೆ ಪ್ರೈವೇಟ್ ಲೈಸೆನ್ಸ್‌ನ ಹಾರಾಟಕ್ಕೇ ಐದಾರು ಲಕ್ಷ ಆಗುತ್ತದೆ. ಕಮರ್ಷಿಯಲ್ ಮುಗಿಯುವ ಹೊತ್ತಿಗೆ ಎಲ್ಲ ಸೇರಿ 45ರಿಂದ 60 ಲಕ್ಷ. ಅದರ ಮೇಲೆ ದೊಡ್ಡ ವಿಮಾನದ ಟೈಪ್ ರೇಟಿಂಗ್ (ಒಂದು ನಿರ್ದಿಷ್ಟ ಮಾದರಿಯ ವಿಮಾನ ಓಡಿಸುವ ಅರ್ಹತೆ) ಬೇರೆ. 50 ಲಕ್ಷವನ್ನು ಶೇಕಡ ಹತ್ತೂವರೆ ಬಡ್ಡಿಗೆ 15 ವರ್ಷಕ್ಕೆ ತೆಗೆದರೆ ಕಂತು ತಿಂಗಳಿಗೆ 55 ಸಾವಿರದ ಸುತ್ತ ಬರುತ್ತದೆ. ಲೈಸೆನ್ಸ್ ಸಿಕ್ಕ ಮರುದಿನವೇ ಕೆಲಸ ಸಿಗುವುದಿಲ್ಲ. ಆ ಕಂತನ್ನು ಎರಡು ವರ್ಷ ಯಾರು ಕಟ್ಟುತ್ತಾರೆ? ಈ ಪ್ರಶ್ನೆಗೆ ಮನೆಯಲ್ಲಿ ಉತ್ತರ ಇದ್ದರೆ ಮಾತ್ರ ಮುಂದೆ ಹೋಗಿ.

ನಮ್ಮ ಸಂಬಂಧಿಕರ ಹುಡುಗನೊಬ್ಬ ಹೊರರಾಜ್ಯದ ಒಂದು ಶಾಲೆಗೆ ಪೂರ್ತಿ ಫೀಸು ಒಟ್ಟಿಗೆ ಕಟ್ಟಿ ಸೇರಿದ. ಒಂದೂವರೆ ವರ್ಷದಲ್ಲಿ ಮುಗಿಯುತ್ತದೆ ಅಂದಿದ್ದರು. ಹೋಗಿ ನೋಡಿದರೆ ವಿದ್ಯಾರ್ಥಿಗಳು ಕಿಕ್ಕಿರಿದಿದ್ದಾರೆ, ಅರ್ಧ ವಿಮಾನಗಳು ಹ್ಯಾಂಗರಿನಲ್ಲಿ ರಿಪೇರಿಗೆ ನಿಂತಿವೆ. ತಿಂಗಳಿಗೆ ನಾಲ್ಕೈದು ಗಂಟೆ ಹಾರಿದರೆ ದೊಡ್ಡದು. ಬರೆದು ಪಾಸಾದ ಪರೀಕ್ಷೆಗಳ ಅವಧಿ ಮುಗಿಯುತ್ತದೇನೋ ಅನ್ನುವ ಭಯದಲ್ಲೇ ಮೂರು ವರ್ಷ ಕಳೆದ. ಅವನ ಅಮ್ಮ ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಿದ್ದದ್ದು ಒಂದೇ: "ಈ ವಾರ ಎಷ್ಟು ಗಂಟೆ ಆಯ್ತಪ್ಪಾ?"

ಹಾಗಾಗಿ ಸೇರುವ ಮುಂಚೆ ವಾರದ ದಿನ, ಬೆಳಗ್ಗೆ, ಹೇಳದೆ ಕೇಳದೆ ಹೋಗಿ ಗೇಟಿನ ಹತ್ತಿರ ಎರಡು ಗಂಟೆ ನಿಂತು ನೋಡಿ. ಎಷ್ಟು ವಿಮಾನ ಮೇಲೇಳುತ್ತವೆ ಅಂತ ಎಣಿಸಿ. ಅಲ್ಲಿನ ವಿದ್ಯಾರ್ಥಿಗಳನ್ನು ಟೀ ಅಂಗಡಿಯಲ್ಲಿ ಮಾತಾಡಿಸಿ. ಕಳೆದ ಬ್ಯಾಚಿನವರು ಎಷ್ಟು ತಿಂಗಳಲ್ಲಿ ಮುಗಿಸಿದರು, ಈಗ ಹಾರುವ ಸ್ಥಿತಿಯಲ್ಲಿ ಎಷ್ಟು ವಿಮಾನ ಇವೆ, ಬೋಧಕರು ಎಷ್ಟು ಜನ ಅಂತ ಕೇಳಿ. ಫೀಸು ಕಂತಿನಲ್ಲೇ ಕಟ್ಟಿ. ನಾಗರಿಕ ವಿಮಾನಯಾನವನ್ನು ನಿಯಂತ್ರಿಸುವ ಡಿಜಿಸಿಎಯ ಮಾನ್ಯತೆ ಇರುವ ಸಂಸ್ಥೆಗಳ ಪಟ್ಟಿ ಇದೆ, 2025ರಿಂದ ಅವುಗಳಿಗೆ ಶ್ರೇಣಿಯನ್ನೂ ಕೊಡುತ್ತಿದ್ದಾರೆ. ಅದನ್ನು ನೋಡದೆ ದುಡ್ಡು ಬಿಚ್ಚಬೇಡಿ. ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ್ದೇ ತರಬೇತಿ ಶಾಲೆ ಇದೆ, ಕಲಬುರಗಿ ಮತ್ತು ಬೆಳಗಾವಿ ವಿಮಾನ ನಿಲ್ದಾಣಗಳಲ್ಲೂ ತರಬೇತಿ ನಡೆಯುತ್ತದೆ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿರುವ ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ಅಕಾಡೆಮಿಗೆ ಪ್ರವೇಶ ಪರೀಕ್ಷೆ ಬರೆದು ಹೋಗಬೇಕು.

ಮುಂದಾಳತ್ವ? ಒಬ್ಬನೇ ವಿಮಾನ ಹಾರಿಸಿದವನಿಗೆ ತನ್ನ ತೀರ್ಮಾನದ ಮೇಲೆ ತನಗೆ ನಂಬಿಕೆ ಬರುತ್ತದೆ, ಅದು ನಿಜವಾದ ಗಳಿಕೆ. ಹತ್ತು ಜನರನ್ನು ಜೊತೆಗೆ ಕರೆದೊಯ್ಯುವುದನ್ನು ಮಾತ್ರ ಇಲ್ಲಿ ಯಾರೂ ಕಲಿಸುವುದಿಲ್ಲ. ಅರ್ಧಕ್ಕೆ ಬಿಟ್ಟರೆ ಕೈಯಲ್ಲಿ ಉಳಿಯುವುದು ಲಾಗ್‌ಬುಕ್ ಮತ್ತು ಸಾಲ. ಆದ್ದರಿಂದ ಜೊತೆಗೊಂದು ಪದವಿ ಇರಲಿ, ದೂರಶಿಕ್ಷಣವಾದರೂ ಸರಿ.

ಏರ್‌ಲೈನ್ ಕಂಪನಿಗಳೇ ನಡೆಸುವ ಕೆಡೆಟ್ ಪೈಲಟ್ ಕೋರ್ಸ್‌ಗಳು ಇದರದ್ದೇ ದುಬಾರಿ ರೂಪ. ಖರ್ಚು ಕೋಟಿ ರೂಪಾಯಿಯ ಹತ್ತಿರ ಹೋಗುತ್ತದೆ. ತರಬೇತಿ ಅಚ್ಚುಕಟ್ಟು, ಕೆಲಸದ ದಾರಿ ಸ್ವಲ್ಪ ಸ್ಪಷ್ಟ. ಕೆಡೆಟ್ ಅನ್ನುವ ಹೆಸರು ನೋಡಿ ಎನ್‌ಸಿಸಿ ತರದ್ದು ಅಂದುಕೊಳ್ಳಬೇಡಿ.

ಊರಲ್ಲಿ ಏನೂ ಇಲ್ಲ ಅಂದರೆ

ಎಲ್ಲ ತಾಲ್ಲೂಕಿನಲ್ಲೂ ಏರ್ ವಿಂಗ್ ಇಲ್ಲ. ಆಗ ಆರ್ಮಿ ವಿಂಗ್ ಇದ್ದರೂ ಸೇರಿ, ಮುಂದಾಳತ್ವದ ಪಾಠ ಅಲ್ಲೂ ಅಷ್ಟೇ ಗಟ್ಟಿ. ಹಾರಾಟದ ರುಚಿಗೆ ಮನೆಯಲ್ಲೇ ಏರೋಮಾಡೆಲಿಂಗ್ ಶುರುಮಾಡಬಹುದು. ಬಾಲ್ಸಾ ಮರ ಸಿಗದಿದ್ದರೆ ತೆಳು ಥರ್ಮಾಕೋಲ್ ಸಾಕು. ಮೊದಲ ಗ್ಲೈಡರ್ ಎಸೆದ ಕೂಡಲೇ ಮೂಗೆತ್ತಿ, ನಿಂತು, ದೊಪ್ಪೆಂದು ಬೀಳುತ್ತದೆ. ಮೂತಿಗೆ ಕಡಲೆಕಾಳಿನಷ್ಟು ಜೇಡಿಮಣ್ಣು ಅಂಟಿಸಿ ಮತ್ತೆ ಎಸೆಯಿರಿ. ಇನ್ನೂ ಚೂರು. ಒಂದು ಹಂತದಲ್ಲಿ ಅದು ಅಂಗಳದ ಉದ್ದಕ್ಕೂ ಸದ್ದಿಲ್ಲದೆ ತೇಲಿಹೋಗುತ್ತದೆ. ತೂಕ ಎಲ್ಲಿ ಕೂರಬೇಕು ಅನ್ನುವ ಈ ಪಾಠವನ್ನು ನಿಜವಾದ ಪೈಲಟ್‌ಗಳೂ ಪ್ರತಿ ಹಾರಾಟಕ್ಕೆ ಮುಂಚೆ ಲೆಕ್ಕ ಹಾಕುತ್ತಾರೆ.

ಡ್ರೋನ್ ಇನ್ನೊಂದು ದಾರಿ. 2021ರ ನಿಯಮದ ಪ್ರಕಾರ 250 ಗ್ರಾಂ ಒಳಗಿನದಕ್ಕೆ ಪೈಲಟ್ ಪ್ರಮಾಣಪತ್ರ ಬೇಡ. ದೊಡ್ಡ ಡ್ರೋನ್ ಹಾರಿಸಿ ದುಡಿಯಬೇಕು ಅಂದರೆ 18 ತುಂಬಿ, ಹತ್ತನೇ ತರಗತಿ ಪಾಸಾಗಿ, ಮಾನ್ಯತೆ ಇರುವ ಕಡೆ ಕೆಲವು ದಿನಗಳ ತರಬೇತಿ ತಗೊಂಡರೆ ಸಾಕು. ಕಣ್ಣಿನ ಕಾರಣಕ್ಕೆ ವಾಯುಪಡೆಯ ಬಾಗಿಲು ಮುಚ್ಚಿದ ಮಕ್ಕಳಿಗೆ ನಾನು ಇದನ್ನು ಮನಸಾರೆ ಹೇಳುತ್ತೇನೆ.

ಹಾಗಾದರೆ ಯಾರಿಗೆ ಯಾವುದು

ಮಗು ಎಂಟನೇ ತರಗತಿಯಲ್ಲಿದ್ದರೆ ಜೂನಿಯರ್ ಎನ್‌ಸಿಸಿ, ಮನೆಯಲ್ಲಿ ಗ್ಲೈಡರ್. ಕೋಚಿಂಗಿಗೆ ಆಗಲೇ ದುಡ್ಡು ಸುರಿಯಬೇಕಿಲ್ಲ. ಹತ್ತು ಮುಗಿದು ಗಣಿತ ಚೆನ್ನಾಗಿದ್ದು, ಕಣ್ಣು ಚೊಕ್ಕ ಇದ್ದು, ಸೇನೆಯ ಮೇಲೆ ನಿಜವಾದ ಪ್ರೀತಿ ಇದ್ದರೆ ಪಿಸಿಎಂ ತಗೊಂಡು ಎನ್‌ಡಿಎಗೆ ಗುರಿಯಿಡಿ. ಏರ್ ವಿಂಗ್ ಇರುವ ಕಾಲೇಜೇ ಸಿಕ್ಕರೆ ಇನ್ನೂ ಒಳ್ಳೆಯದು, ಎನ್‌ಡಿಎ ತಪ್ಪಿದರೂ ಸಿ ಸರ್ಟಿಫಿಕೇಟಿನ ಬಾಗಿಲು ತೆರೆದಿರುತ್ತದೆ. ಕನ್ನಡಕ ಇದೆ, ಹಾರಲೇಬೇಕು, ಮನೆಯಲ್ಲಿ ಅನುಕೂಲ ಇದೆ ಅಂದರೆ ವೈದ್ಯಕೀಯ ಪರೀಕ್ಷೆ ಮುಗಿಸಿ ಫ್ಲೈಯಿಂಗ್ ಸ್ಕೂಲ್. ಅನುಕೂಲ ಇಲ್ಲ, ಜಮೀನು ಅಡವಿಟ್ಟು ಕಳಿಸುತ್ತೇವೆ ಅನ್ನುವವರಿಗೆ ನನ್ನ ಉತ್ತರ ಬೇಡ ಅಂತಲೇ. ಮೊದಲು ಪದವಿ, ಜೊತೆಗೆ ಏರ್ ವಿಂಗ್, ಆಮೇಲೆ ಎಎಫ್‌ಸಿಎಟಿ. ಅದೂ ಆಗಲಿಲ್ಲ ಅಂದರೆ ಸ್ವಂತ ಸಂಬಳದಲ್ಲಿ ದುಡ್ಡು ಕೂಡಿಟ್ಟು ಪ್ರೈವೇಟ್ ಲೈಸೆನ್ಸ್ ತಗೊಂಡವರಿದ್ದಾರೆ. ನಾನೂ ಅದಕ್ಕಾಗಿ ಕೂಡಿಡುತ್ತಿದ್ದೇನೆ.

ಏರ್ ವಿಂಗಿನ ಆಯ್ಕೆ ಕಾಲೇಜು ಶುರುವಾದ ಮೊದಲ ಕೆಲವು ವಾರಗಳಲ್ಲೇ ಮುಗಿದುಹೋಗುತ್ತದೆ, ಸೀಟು ಕಡಿಮೆ. ನೋಟಿಸ್ ಬೋರ್ಡಿಗೆ ಬರಲಿ ಅಂತ ಕಾಯಬೇಡಿ. ದಾಖಲಾತಿಯ ದಿನವೇ ಎನ್‌ಸಿಸಿ ಕೊಠಡಿ ಎಲ್ಲಿದೆ ಅಂತ ಕೇಳಿಕೊಂಡು ಹೋಗಿ. ಆಯ್ಕೆಯ ದಿನ ಮೈದಾನದಲ್ಲಿ ಓಡಿಸುತ್ತಾರೆ, ಚಪ್ಪಲಿ ಹಾಕಿಕೊಂಡು ಹೋಗಬೇಡಿ.